ದೂರದ ಮಗುವಿಗೆ ದುಡ್ಡು ಕಳಿಸುವ ಮುಂಚೆ ರಸೀದಿ ತಿರುಗಿಸಿ ನೋಡಿ

ಮೂರು ವರ್ಷದ ಹಿಂದೆ, ಡಿಸೆಂಬರ್ 20ರ ಆಸುಪಾಸು. ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಮನೆಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದೆ, ಕೈಯೆಲ್ಲ ಎಣ್ಣೆ. ಬಾಗಿಲಿಗೆ ಇಬ್ಬರು ಹುಡುಗರು ಬಂದು ಆಲ್ಬಮ್ ತೆರೆದರು. ಬಡಕಲು ಮಕ್ಕಳ ಫೋಟೊ, ಪಕ್ಕದಲ್ಲಿ ಬೈಬಲ್ ವಚನ. ಯೋಚನೆ ಮಾಡಲಿಲ್ಲ, ಮೂರು ಸಾವಿರ ಕೊಟ್ಟೆ. ಮಾರ್ಚಿನಲ್ಲಿ ಆ ರಸೀದಿಯನ್ನು ನಮ್ಮ ಟ್ಯಾಕ್ಸ್ ಲೆಕ್ಕ ನೋಡುವವರ ಮುಂದೆ ಇಟ್ಟಾಗ ಅವರು ಹಿಂದೆ ಮುಂದೆ ತಿರುಗಿಸಿ, "ಅಕ್ಕಾರ, ಇದರಾಗ ಏನೂ ಇಲ್ರೀ. ಮ್ಯಾಲೆ ಹೆಸರು, ಕೆಳಗ ಗೀಟು" ಅಂದರು. ಪ್ಯಾನ್ ಇಲ್ಲ, ನೋಂದಣಿ ಸಂಖ್ಯೆ ಇಲ್ಲ. ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ!

ಹಾಗಂತ ಕೊಡುವುದನ್ನು ಬಿಡಬೇಕಾಗಿಲ್ಲ. ನಮ್ಮೂರೇ ಒಂದು ಕಾಲದಲ್ಲಿ ತೆಗೆದುಕೊಂಡ ಕೈ. ಕ್ರೈಸ್ತ ಧರ್ಮಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಆ ಮಿಶನ್‌ಗೆ ಸ್ವಿಟ್ಜರ್ಲೆಂಡ್, ಜರ್ಮನಿ ಕಡೆಯ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಅವರ ಲೆಕ್ಕದಲ್ಲಿ ಚಿಲ್ಲರೆ ಕಾಸು, ತೆಗೆದಿಟ್ಟು ಕೊಡುತ್ತಿದ್ದರು. ಈಗ ನಮ್ಮ ಸರದಿ ಅಂದುಕೊಳ್ಳಿ.

ಮೊದಲು, ಏನು ಕೊಡುತ್ತಿದ್ದೀರಿ ಅಂತ ತಿಳಿದುಕೊಳ್ಳಿ. ಒಂದು ಮಗುವಿನ ಹೆಸರಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಪದ್ಧತಿ ಜಾಸ್ತಿ ಬೆಳೆದದ್ದು ಕೊರಿಯಾ ಯುದ್ಧದ ಅನಾಥ ಮಕ್ಕಳಿಂದ. ಬಾಬ್ ಪಿಯರ್ಸ್ 1950ರಲ್ಲಿ ವರ್ಲ್ಡ್ ವಿಶನ್ ಅನ್ನುವ ಕ್ರೈಸ್ತ ನೆರವು ಸಂಸ್ಥೆ ಶುರು ಮಾಡಿದರು. ಎವರೆಟ್ ಸ್ವಾನ್ಸನ್ 1952ರಲ್ಲಿ ಶುರು ಮಾಡಿದ ಕೆಲಸ ಕಂಪ್ಯಾಶನ್ ಇಂಟರ್‌ನ್ಯಾಶನಲ್ ಆಯಿತು. ಆದರೆ ಫೋಟೊದಲ್ಲಿರುವ ಮಗುವಿನ ಕೈಗೇ ನಿಮ್ಮ ನೋಟು ಹೋಗುತ್ತದೆ ಅಂತ ತಿಳಿಯಬೇಡಿ. ಎಷ್ಟೋ ಕಡೆ ಹಣ ಒಟ್ಟು ಮಾಡಿ ಊರಿನ ಬೋರ್‌ವೆಲ್, ಶಾಲೆ, ತಾಯಂದಿರ ಸಂಘಕ್ಕೆ ಹಾಕುತ್ತಾರೆ. ನನ್ನ ಕೇಳಿದರೆ ಅದೇ ಒಳ್ಳೆಯದು. ಒಂದೇ ಮನೆಗೆ ಹೊಸ ಚೀಲ ಬಂದು ಪಕ್ಕದ ಮನೆ ಮಗು ನೋಡುತ್ತ ನಿಂತರೆ ಏನು ಚೆಂದ?

ಉಪಯೋಗ ಆಗುತ್ತದಾ ಅಂದರೆ, ಆಗುತ್ತದೆ. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಜೊತೆಯವರು ಭಾರತವೂ ಸೇರಿ ಆರು ದೇಶಗಳಲ್ಲಿ ಕಂಪ್ಯಾಶನ್ ನೆರವು ಪಡೆದು ದೊಡ್ಡವರಾದವರನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈ ಮಕ್ಕಳು ನೆರವು ಸಿಗದವರಿಗಿಂತ ಶಾಲೆಯಲ್ಲಿ ಒಂದರಿಂದ ಒಂದೂವರೆ ವರ್ಷ ಹೆಚ್ಚು ಓದಿದ್ದರು. ಕೂಲಿ ಮಾಡುವ ಮನೆಗೆ ಅದು ಸಣ್ಣ ಮಾತಲ್ಲ.

ಆಮೇಲೆ ಕಾಗದ ಪತ್ರ. ಮಠದ ಜೋಳಿಗೆಗೆ ಹಾಕುವಾಗ ರಸೀದಿ ಕೇಳುವುದಿಲ್ಲ, ಯಾಕೆಂದರೆ ಜೋಳಿಗೆ ಹಿಡಿದವರ ಮುಖ ನಮಗೆ ಗೊತ್ತು. ಇಲ್ಲಿ ಮುಖ ಗೊತ್ತಿಲ್ಲ, ಅಲ್ವಾ? ಸ್ವಯಂಸೇವಾ ಸಂಸ್ಥೆಗಳ ಪಟ್ಟಿ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು ಹುಡುಕಿ. ಪ್ಯಾನ್ ಮತ್ತು 80ಜಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡುವ ಕಲಮು) ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೇ ಕೈಮುಗಿಯಿರಿ. ಇನ್ನೊಂದು ಪ್ರಶ್ನೆ ಸಂಕೋಚ ಬಿಟ್ಟು ಕೇಳಬೇಕು: ಬೇರೆ ಧರ್ಮದ ಮನೆಗೂ ಕೊಡುತ್ತೀರಾ? ಪ್ರಾರ್ಥನೆಗೆ ಬಂದರೆ ಮಾತ್ರವಾ? ನಾನೂ ಚರ್ಚಿಗೆ ಹೋಗುವವಳೇ, ಆದರೂ ಕೇಳುತ್ತೇನೆ. ನೆರೆ, ಭೂಕಂಪದಂಥ ಹೊತ್ತಿನ ನೆರವಿಗೆ 1994ರಲ್ಲಿ ರೆಡ್ ಕ್ರಾಸ್ ಜೊತೆ ಸೇರಿ ಕಾರಿತಾಸ್‌ನಂಥ ಕ್ರೈಸ್ತ ಸಂಸ್ಥೆಗಳೇ ಒಪ್ಪಿದ ನಿಯಮ ಇದೆ. ಜನಾಂಗ, ಧರ್ಮ, ದೇಶ ನೋಡದೆ ಅಗತ್ಯ ನೋಡಿ ಕೊಡಬೇಕು ಅನ್ನುತ್ತದೆ.

ದುಡ್ಡು ಕಟ್ಟುವುದು ಸುಲಭ. ಬ್ಯಾಂಕಿನಿಂದಲೇ ಕಟ್ಟಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ 80ಜಿ ವಿನಾಯಿತಿ ಇಲ್ಲ. ನನ್ನ ಮೂರು ಸಾವಿರಕ್ಕೆ ರಸೀದಿ ಸರಿ ಇದ್ದಿದ್ದರೂ ಸಿಗುತ್ತಿರಲಿಲ್ಲ ನೋಡಿ. ವಿನಾಯಿತಿ ಇರುವುದೂ ಹಳೆ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಆಫ್ರಿಕಾದ ಮಗುವಿಗೇ ಕೊಡಬೇಕು ಅಂತ ವಿದೇಶದ ಸಂಸ್ಥೆಗೆ ನೇರ ಕಳಿಸಿದರೆ 80ಜಿ ಮರೆತುಬಿಡಿ. ಬ್ಯಾಂಕಿನ ಫಾರ್ಮು ಬೇರೆ ತುಂಬಬೇಕು.

ಕೊನೆಯದು ಪತ್ರ. ಎಲ್ಲರೂ ಇಲ್ಲೇ ಸೋಮಾರಿಗಳಾಗುತ್ತಾರೆ. ಈಗ ನಾನು ಕಟ್ಟುತ್ತಿರುವುದು ಜಾರ್ಖಂಡಿನ ಒಂದು ಹಳ್ಳಿಯ ಹುಡುಗಿಯ ಹೆಸರಿಗೆ. ಸಂಸ್ಥೆಯ ಮೂಲಕವೇ ಬರೆಯಿರಿ, ಮನೆ ವಿಳಾಸ, ಫೋನ್ ನಂಬರ್ ಬೇಡ, ಮಗುವಿನ ಫೋಟೊ ಸ್ಟೇಟಸ್‌ಗೆ ಹಾಕಬೇಡಿ. "ಬಂದು ನೋಡುತ್ತೇನೆ" ಅಂತ ಸುಮ್ನೆ ಆಸೆ ತೋರಿಸಬೇಡಿ. ನಿಲ್ಲಿಸುವುದಾದರೆ ಎರಡು ತಿಂಗಳು ಮುಂಚೆ ಹೇಳಿ. ಉಪದೇಶವಂತೂ ಬೇಡವೇ ಬೇಡ, ಚೆನ್ನಾಗಿ ಓದು ಅಂತ ಅವಳ ಟೀಚರ್ ದಿನಾ ಹೇಳುತ್ತಾರೆ.

ಮೊದಲ ಪತ್ರ ಗೀಟು ಹಾಳೆಯಲ್ಲಿ ಬಂತು, ಹಿಂದಿಯಲ್ಲಿ. ಅರ್ಧ ಹಾಳೆ ಬರೀ ಅವರ ಮೇಕೆಯ ಚಿತ್ರ, ನಾಲ್ಕರ ಬದಲು ಐದು ಕಾಲು. ನಿಮ್ಮೂರಲ್ಲಿ ಇದಕ್ಕೆ ಏನಂತೀರಿ ಅಂತ ಕೇಳಿದ್ದಳು. ನಮ್ಮ ಕಡೆ ಆಡು ಅಂತೀವಿ, ನಾಲ್ಕೇ ಕಾಲು ಇರುತ್ತದೆ ಅಂತ ಬರೆದೆ. ಮುಂದಿನ ಪತ್ರದಲ್ಲಿ ಅದೇ ಮೇಕೆ, ಕೆಳಗೆ ಹಿಂದಿ ಅಕ್ಷರದಲ್ಲಿ "ಆಡು". ಐದನೆಯ ಕಾಲಿಗೆ ಬಾಣ ಎಳೆದು ಬಾಲ ಅಂತ ಬರೆದಿದ್ದಳು.