ಗೋಡೆಗೆ ದೇವ್ರ ಟೈಲ್ಸ್ ಅಂಟಿಸೋ ಮುಂಚೆ

ಕಾಂಪೌಂಡ್ ಹತ್ರ ಉಚ್ಚೆ ಹೊಯ್ಯೋರು, ಮೆಟ್ಟಿಲು ಮೂಲೆಲಿ ಎಲೆಅಡಿಕೆ ಉಗಿಯೋರು, ಇವ್ರಿಗೆಲ್ಲಾ ನಮ್ಮ ಕಡೆ ಮದ್ದು ಒಂದೇ, ಗಣೇಶ, ತಿಮ್ಮಪ್ಪ, ಏಸು, ಮೆಕ್ಕಾ ಇರೋ ನಾಲ್ಕು ಟೈಲ್ಸ್ ತಂದು ಸಾಲಾಗಿ ಅಂಟಿಸಿಬಿಡೋದು. ನಾವೂ ಬಿಲ್ಡಿಂಗಲ್ಲಿ ಅದನ್ನೇ ಮಾಡಿದ್ವಿ. ಎರಡು ತಿಂಗಳು ಕ್ಲೀನ್ ಇತ್ತು, ಆಮೇಲೆ ಜನ ಟೈಲ್ಸಿಂದ ಅರ್ಧ ಅಡಿ ಪಕ್ಕಕ್ಕೆ ಸರಿದು ಉಗಿಯೋಕೆ ಶುರು ಮಾಡಿದ್ರು. ಭಕ್ತಿ ಇರೋದು ದೇವ್ರ ಮೇಲೆ, ಗೋಡೆ ಮೇಲೆ ಅಲ್ವಲ್ಲ!

ಹಾಗಾಗಿ ಮೊದಲ್ನೇ ಮಾತು, ಬರೀ ಚಿತ್ರ ನಂಬ್ಕೋಬೇಡಿ, ಜಾಗಾನೇ ದೇವಸ್ಥಾನದ ಥರ ಕಾಣ್ಬೇಕು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಕ್ಸಿಗಲಾಟಾಸ್ ಅನ್ನೋ ಮಾನವಶಾಸ್ತ್ರಜ್ಞ ಮಾರಿಷಸ್‌ನಲ್ಲಿ ಹಿಂದೂಗಳ ಕೈಲಿ ದುಡ್ಡಿನ ಆಟ ಆಡಿಸಿದ್ದು, ಕೆಲವ್ರು ದೇವಸ್ಥಾನದಲ್ಲಿ ಕೂತು ಆಡಿದ್ರು, ಕೆಲವ್ರು ಹೋಟೆಲಲ್ಲಿ, ಎಲ್ರಿಗೂ ಸೇರಿದ ಹಣದಿಂದ ಎಷ್ಟು ಬೇಕೋ ತಗೋಬಹುದು, ದೇವಸ್ಥಾನದಲ್ಲಿದ್ದವ್ರು ಕಮ್ಮಿ ತಗೊಂಡ್ರು. ನಮ್ಮಲ್ಲೂ ಅದೇ ಮಾಡಿ. ಮೂಲೆ ತೊಳ್ಸಿ ಸುಣ್ಣ ಬಳ್ಸಿ, ಒಂದು ಬಲ್ಬ್ ಹಾಕಿ, ಬೆಳಗ್ಗೆ ಯಾರಾದ್ರೂ ಒಬ್ರು ರಂಗೋಲಿ ಬಿಟ್ಟು ಎರಡು ಹೂ ಇಡೋ ಹಾಗೆ ಒಪ್ಪಿಸಿ. ಈ ಒಪ್ಸೋದೇ ಕಷ್ಟದ ಕೆಲಸ, ಟೈಲ್ಸ್ ಅಂಟಿಸೋದು ಅರ್ಧ ಗಂಟೆ ಅಷ್ಟೇ. ಧೂಳು ಹಿಡಿದು ಮೂಲೆ ಒಡೆದ ಟೈಲ್ಸ್ ಇದ್ರೆ ಇಲ್ಲಿ ಯಾರೂ ನೋಡ್ಕೊಳ್ತಿಲ್ಲ ಅಂತ ನೀವೇ ಬೋರ್ಡ್ ಹಾಕಿದಂಗೆ.

ಎತ್ತರ ಸೊಂಟಕ್ಕಿಂತ ಮೇಲೆ ಇರ್ಲಿ, ಕಾಲು ತಾಗೋ ಕಡೆ ಬೇಡವೇ ಬೇಡ. ಅಂಟಿಸೋ ಮುಂಚೆ ಅಕ್ಕಪಕ್ಕದವ್ರನ್ನೆಲ್ಲಾ ಕೇಳಿ, ಬೇರೆ ಧರ್ಮದವ್ರನ್ನೂ. ಗಲೀಜು ತಡೆಯೋಕೆ ದೇವ್ರನ್ನ ಕಾವಲಿಗೆ ನಿಲ್ಸೋದು ಅವಮಾನ ಅನ್ನೋರು ಬಹಳ ಜನ ಇದಾರೆ, 2022ರಲ್ಲಿ ದೆಹಲಿ ಹೈಕೋರ್ಟ್‌ಗೆ ಇದರ ಮೇಲೆ ಪಿಐಎಲ್ಲೇ ಹೋಗಿ ವಜಾ ಆಯ್ತು. ನನಗೂ ಮುಜುಗರಾನೇ, ತುಳಸಿ ಕುಂಡ ಇಟ್ರೆ ಸಾಕು ಅನ್ಸುತ್ತೆ.

ಇನ್ನು ದುಡ್ಡಿನ ಡಬ್ಬಿ. ಆಫೀಸಲ್ಲಿ ಕಾಫಿಗೆ ಅವ್ರವ್ರೇ ಕಾಸು ಹಾಕೋ ಡಬ್ಬಿ ಇಟ್ರೆ ತಿಂಗಳ ಕೊನೆಗೆ ಯಾವಾಗ್ಲೂ ಕಮ್ಮಿ ಬೀಳುತ್ತಲ್ಲ, ಅಲ್ಲಿ ರೇಟ್ ಚೀಟಿ ಮೇಲೇನೇ, ಕಣ್ಣಿನ ಎತ್ತರಕ್ಕೆ, ನೆಟ್ಟಗೆ ನಮ್ಮನ್ನೇ ನೋಡೋ ಚಿತ್ರ ಹಾಕಿ. ದೇವ್ರೇ ಆಗ್ಬೇಕು ಅಂತಿಲ್ಲ, ಇಂಗ್ಲೆಂಡಿನ ನ್ಯೂಕ್ಯಾಸಲ್ ಯೂನಿವರ್ಸಿಟಿಲಿ ಒಂದು ವಾರ ಹೂವಿನ ಫೋಟೋ ಒಂದು ವಾರ ಕಣ್ಣಿನ ಫೋಟೋ ಹಾಕಿ ನೋಡಿದ್ರು, 2006ರಲ್ಲಿ ಬಂದ ಆ ವರದಿ ಪ್ರಕಾರ ಕಣ್ಣಿದ್ದ ವಾರ ಬಿದ್ದ ಕಾಸು ಹತ್ರ ಹತ್ರ ಮೂರು ಪಟ್ಟು. ನಮ್ಮಲ್ಲಾದ್ರೆ ‘ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ’, ತಿಮ್ಮಪ್ಪನ ಕಣ್ಣನ್ನೋ ನಾಮ ಮುಚ್ಚಿರುತ್ತೆ, ಆದ್ರೂ ಲೆಕ್ಕ ತಪ್ಪಲ್ಲ ಅನ್ನೋ ಭಯ ಇದ್ದೇ ಇದೆ. ‘ದೇವರು ನೋಡುತ್ತಿದ್ದಾನೆ’ ಅಂತ ಬರೀ ಅಕ್ಷರದಲ್ಲಿ ಬರೆಯೋದ್ರ ಮೇಲೆ ನನಗಷ್ಟು ನಂಬಿಕೆ ಇಲ್ಲ, ದೇವ್ರಿಗೆ ಸಂಬಂಧಪಟ್ಟ ಪದ ಓದಿಸಿದ್ರೆ ಜನ ಉದಾರಿಗಳಾಗ್ತಾರೆ ಅಂತ 2007ರ ಒಂದು ಪ್ರಯೋಗದಲ್ಲಿ ಬಂದಿದ್ದ ಫಲಿತಾಂಶ, ಅದನ್ನೇ 2015ರಲ್ಲಿ ಇನ್ನೂ ಜಾಸ್ತಿ ಜನರ ಮೇಲೆ ಮಾಡಿ ನೋಡಿದಾಗ ಸಿಗಲಿಲ್ಲ.

ಟೈಮಿಂಗೂ ನೋಡ್ಕೊಳ್ಳಿ. ಮೊರಾಕ್ಕೋದ ಮರ್ರಾಕೇಶ್‌ನಲ್ಲಿ ಅಂಗಡಿಯವ್ರಿಗೆ ದುಡ್ಡು ನಿಮಗೋ ದಾನಕ್ಕೋ ಅಂತ ಕೇಳಿದ ಒಂದು ಪ್ರಯೋಗದಲ್ಲಿ, ಆಜಾನ್ ಕೇಳಿಸ್ತಿರೋವಾಗ ದಾನ ಆರಿಸ್ಕೊಂಡೋರು ಜಾಸ್ತಿ, ಅದು ಕೇಳಿಸ್ದೇ ಇರೋವಾಗ ಕಮ್ಮಿ. ಅಂದ್ರೆ ಇದು ಬೇಗ ಆರೋ ಬಿಸಿ. ಬಿಲ್ಡಿಂಗ್ ರಿಪೇರಿ ಚಂದಾ ಎತ್ಬೇಕಾದ್ರೆ ಗಣೇಶನ ಮಹಾಮಂಗಳಾರತಿ ಆದ ತಕ್ಷಣ ಪುಸ್ತಕ ತೆಗೀರಿ, ಊಟ ಆಗಿ ಎಲ್ರೂ ಆಕಳಿಸೋವಾಗ ಅಲ್ಲ. ರಸೀದಿ ಮಾತ್ರ ಕೊಡಿ ಮಾರಾಯ್ರೆ, ಖಜಾಂಚಿ ಹಣೆ ಮೇಲೆ ವಿಭೂತಿ ಇದೆ ಅಂತ ಆಡಿಟ್ ಬಿಡೋದಕ್ಕಾಗಲ್ಲ.

ದೇವ್ರು ಬೇಡ ಅನ್ನೋರಿಗೆ ಕನ್ನಡಿ ಇದೆ, 2020ರಲ್ಲಿ ಬಿಬಿಎಂಪಿ ಚರ್ಚ್ ಸ್ಟ್ರೀಟ್, ಕೆಆರ್ ಮಾರ್ಕೆಟ್ ಕಡೆ ಉಚ್ಚೆ ಹೊಯ್ಯೋ ಜಾಗದಲ್ಲೇ ದೊಡ್ಡ ಕನ್ನಡಿ ನಿಲ್ಸಿತ್ತು, ಅವನ ಮುಖಾನೇ ಅವನಿಗೆ ತೋರ್ಸೋಕೆ. ಮತ್ತೆ ಒಂದು ವಿಷಯ, ಬೆಳಗ್ಗೆಯಿಂದ ಆಟೋ ಓಡ್ಸಿ ತಡ್ಕೊಂಡು ಬಂದವನಿಗೆ ಮುಕ್ಕೋಟಿ ದೇವ್ರ ಟೈಲ್ಸ್ ಹಾಕಿದ್ರೂ ಕಾಣ್ಸಲ್ಲ. ನಾವು ಕೊನೆಗೆ ವಾಚ್‌ಮನ್ ರೂಮ್ ಪಕ್ಕದ ಟಾಯ್ಲೆಟ್ ಬೀಗ ತೆಗೆದು, ಗೋಡೆ ಮೇಲೆ ಗಣೇಶನ ಕೆಳಗೆ ಆ ಕಡೆಗೊಂದು ಬಾಣದ ಗುರುತು ಬರೆಸಿದ್ವಿ.