ಗಂಗಾವತಿಯಿಂದ ಕಾರವಾರಕ್ಕೆ: ಮನೆಮಂದಿಗೆಲ್ಲ ಕಡಲು ತೋರಿಸುವುದು ಹೇಗೆ

ನಮ್ಮ ಗಂಗಾವತಿ ಮಕ್ಕಳಿಗೆ ನೀರು ಅಂದರೆ ಕಾಲುವೆ, ಇಲ್ಲವೇ ತುಂಗಭದ್ರಾ ಡ್ಯಾಂ. ಗೇಟು ತೆಗೆದಾಗ ಹೊಸಪೇಟೆಗೆ ಹೋಗಿ ನೋಡಿ ಬರುತ್ತೇವೆ. ಆ ನೀರು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ ಅಂತ ಪುಸ್ತಕದಲ್ಲಿ ಓದಿರುತ್ತಾರೆ, ಅಷ್ಟೇ. ನಾನು ಅವ್ವ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಎರಡು ಸಲ ಕಾರವಾರಕ್ಕೆ ಹೋಗಿ ಬಂದೆ. ಮೊದಲ ಸಲ ಅರ್ಧ ದಿನ ವ್ಯರ್ಥವಾಯಿತು. ಎರಡನೇ ಸಲ ಮಗಳು ಇನ್ನೂ ಇರೋಣ ಅಂತ ಹಟ ಹಿಡಿದಳು. ಎರಡರ ನಡುವೆ ಏನು ಬದಲಾಯಿತು ಅನ್ನೋದನ್ನು ಬರೆಯುತ್ತಿದ್ದೇನೆ.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರವೂ ಅದೇ ಊರಲ್ಲಿದೆ. 1947ರಲ್ಲಿ ಶುರುವಾದ ಆ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ. ಇವೆರಡೂ ಪ್ರವಾಸಿಗಳಿಗೆಂದೇ ಕಟ್ಟಿದ ಜಾಗಗಳಲ್ಲ. ಒಂದು ಕಡೆ ಪಾಠ ನಡೆಯುತ್ತದೆ, ಇನ್ನೊಂದು ಕಡೆ ಸಂಶೋಧನೆ. ಹಾಗಾಗಿ ವಾರ ಮೊದಲೇ ಫೋನ್ ಮಾಡಿ, ಎಷ್ಟು ಜನ, ಮಕ್ಕಳಿಗೆ ಎಷ್ಟು ವಯಸ್ಸು ಅಂತ ಹೇಳಿ, ಒಳಗೆ ಬಂದು ನೋಡಲು ಒಪ್ಪಿಗೆ ಕೇಳಿ. ನಾವು ಮೊದಲ ಸಲ ಕೇಳದೆ ಭಾನುವಾರ ಹೋಗಿದ್ದೆವು. ತಪ್ಪು ನಮ್ಮದೇ. ವಾರದ ನಡುವಿನ ದಿನ ಇಟ್ಟುಕೊಳ್ಳಿ. ಶಾಲೆಗೆ ಎರಡು ದಿನ ರಜೆ ಹಾಕಿಸಿದರೂ ಮಗುವಿಗೆ ನಷ್ಟ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಮೊದಲು ದಂಡೆ, ಆಮೇಲೆ ಬಾಟಲಿ. ಇಂಥ ಕಡೆ ಸತ್ತ ಪ್ರಾಣಿಗಳನ್ನು ಕೆಡದಂತೆ ಫಾರ್ಮಲಿನ್ ಅನ್ನೋ ದ್ರಾವಣ ತುಂಬಿದ ಬಾಟಲಿಗಳಲ್ಲಿ ಇಟ್ಟಿರುತ್ತಾರೆ. ಫಾರ್ಮಲಿನ್‌ನಲ್ಲಿ ಬಣ್ಣ ಹೋಗುತ್ತದೆ, ಎಲ್ಲವೂ ಬಿಳಿಚಿಕೊಂಡು ಒಂದೇ ಥರ ಕಾಣುತ್ತದೆ. ಕಡಲನ್ನೇ ನೋಡದ ಮಗುವನ್ನು ನೇರ ಅಲ್ಲಿಗೆ ಕರೆದೊಯ್ದರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಬೆಳಗ್ಗೆ ಜೀವಂತ ಏಡಿ ಓಡುವುದನ್ನು ನೋಡಿ ಬಂದ ಮಗು ಅದೇ ಬಾಟಲಿ ಮುಂದೆ ನಿಂತು ಕಾಲು ಎಣಿಸುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ.

ದಂಡೆಗೆ ಹೋಗಲು ಇಳಿತದ ಹೊತ್ತೇ ಆಗಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ದೂರ ಸರಿಯುತ್ತದೆ. ಆದರೆ ಕಾರವಾರದಲ್ಲಿ ಆ ದಿನಗಳ ಇಳಿತ ನಸುಕಿನಲ್ಲೇ ಮುಗಿಯುತ್ತದೆ. ಅದಕ್ಕೆ ನಾವು ಅಮಾವಾಸ್ಯೆ ಕಳೆದು ಮೂರನೇ ದಿನ ಹೋದೆವು. ಬೆಳಕು ಹರಿದ ಮೇಲೆ ಆರಾಮಾಗಿ ನೋಡಲು ಸಿಕ್ಕಿತು. ನಿಮ್ಮ ದಿನದ ಸರಿಯಾದ ವೇಳೆಯನ್ನು ಮೊಬೈಲಿನಲ್ಲಿ ಉಬ್ಬರ-ಇಳಿತದ ಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ಇಳಿತಕ್ಕೆ ಒಂದು ತಾಸು ಮುಂಚೆ ದಂಡೆಯಲ್ಲಿರಿ, ನೀರು ತಿರುಗಿದ ತಕ್ಷಣ ಬಂಡೆಯಿಂದ ಇಳಿದುಬಿಡಿ.

ತಿಂಗಳು ನವೆಂಬರ್‌ನಿಂದ ಫೆಬ್ರವರಿ ಒಳಗಿರಲಿ. ಮಳೆಗಾಲದಲ್ಲಿ ಕಡಲು ಒರಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಕಾರವಾರದ ಮೀನುಗಾರಿಕೆ ಬಂದರು ಬೈತಖೋಲ್ ಕೂಡ ಖಾಲಿ ಹೊಡೆಯುತ್ತದೆ.

ದಾರಿ ಸುಲಭ. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಯಲ್ಲಾಪುರ, ಅಂಕೋಲಾ ಮೇಲೆ ಬಸ್ಸು. ಅರಬೈಲ್ ಘಟ್ಟದಲ್ಲಿ ತಿರುವು ಜಾಸ್ತಿ. ವಾಂತಿ ಆಗುವ ಮಕ್ಕಳಿಗೆ ಯಲ್ಲಾಪುರದಲ್ಲಿ ಹೊಟ್ಟೆ ತುಂಬಾ ತಿನ್ನಿಸಬೇಡಿ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ನಮ್ಮೂರಲ್ಲಿ ತಿಂಗಳಾದರೂ ಪಟ್ ಅಂತ ಮುರಿಯುವ ರೊಟ್ಟಿ, ಕಾರವಾರದ ತೇವದ ಗಾಳಿಗೆ ಒಂದೇ ರಾತ್ರಿಯಲ್ಲಿ ಚರ್ಮದ ಹಾಗೆ ಮೆತ್ತಗಾಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಕೆಲಸ ಮಾಡಿ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು, ಅಂದರೆ ಎರಡು ದೊಡ್ಡ ಚಮಚ, ಹಾಕಿ ಕರಗಿಸಿ. ಕಡಲಿನ ಉಪ್ಪು ಸುಮಾರು ಅಷ್ಟೇ. ಮಕ್ಕಳು ಬೆರಳು ಅದ್ದಿ ರುಚಿ ನೋಡಲಿ. ನಮ್ಮ ಮಗಳು ಮುಖ ಕಿವುಚಿ "ಇದರಾಗ ಮೀನು ಹ್ಯಾಂಗ ಇರ್ತಾವು?" ಅಂದಳು. ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿದೆ. ಕೇಂದ್ರಕ್ಕೆ ಹೋಗುವಾಗ ಮಗುವಿನ ಕೈಯಲ್ಲಿ ಅದರದೇ ಮೂರು ಪ್ರಶ್ನೆ ಇರಲಿ. ದೊಡ್ಡವರು ಕೇಳಿದರೆ ದೊಡ್ಡವರ ಉತ್ತರ ಬರುತ್ತದೆ. ಮಗು ಕೇಳಿದರೆ ಅಲ್ಲಿನವರು ಕೆಳಗೆ ಕೂತು ಹೇಳುತ್ತಾರೆ.

ಈಗ ದಂಡೆಯ ಮಾತು. ಸುಮ್ನೆ ನಡೆಯುತ್ತಾ ಹೋಗಬೇಡಿ, ಒಂದು ಕಡೆ ಕುಕ್ಕರಗಾಲಲ್ಲಿ ಕೂತುಬಿಡಿ. ಒದ್ದೆ ಮರಳಿನ ಮೇಲೆ ಸಾಸಿವೆ, ಜೋಳದ ಕಾಳಿನಷ್ಟು ಸಣ್ಣ ಮರಳಿನ ಉಂಡೆಗಳು ರಂಗೋಲಿ ಚುಕ್ಕಿ ಇಟ್ಟ ಹಾಗೆ ಹರಡಿರುತ್ತವೆ. ನಡುವೆ ಒಂದು ಸಣ್ಣ ತೂತು. ಅಲುಗಾಡದೆ ಐದು ನಿಮಿಷ ಕಾಯಿರಿ. ಬೆರಳ ಉಗುರಿನಷ್ಟು ದೊಡ್ಡ ಏಡಿ ಹೊರಗೆ ಬರುತ್ತದೆ. ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿ ತಿನ್ನುವಂಥದ್ದನ್ನು ಸೋಸಿ, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ನೆರಳು ಬಿದ್ದರೆ ಸರಕ್ಕನೆ ಒಳಗೆ. ಉಬ್ಬರ ಬಂದು ಎಲ್ಲ ಉಂಡೆ ಅಳಿಸಿಹಾಕುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಶುರು. ಅವ್ವ ಅಲ್ಲಿಂದ ಏಳಲೇ ಇಲ್ಲ. "ನಾವು ರೊಟ್ಟಿ ಹಿಟ್ಟು ಉಂಡಿ ಮಾಡಿದಂಗ ಮಾಡ್ತೈತಲ್ಲೋ" ಅಂತ ಅದನ್ನೇ ನೋಡುತ್ತಾ ಕೂತಳು.

ಬಂಡೆಗಳ ಮೇಲೆ ಬೂದು ಬಣ್ಣದ ಚೂಪು ಗುಬುಟುಗಳು ಅಂಟಿಕೊಂಡಿರುತ್ತವೆ. ಅವು ಬಾರ್ನಕಲ್. ನೋಡಲು ಕಲ್ಲು, ಆದರೆ ಏಡಿ, ಸಿಗಡಿಗಳ ಬಳಗ. ನೀರು ಇಳಿದಾಗ ಬಾಗಿಲು ಮುಚ್ಚಿಕೊಳ್ಳುತ್ತವೆ. ನೀರು ಬಂದಾಗ ತೆರೆದು, ಗರಿಯಂಥ ಕಾಲು ಹೊರಗೆ ಬೀಸಿ ತಿಂಡಿ ಹಿಡಿಯುತ್ತವೆ. ಬಂಡೆಯ ಕುಳಿಯಲ್ಲಿ ನಿಂತ ನೀರಿನೊಳಗೆ ನೋಡಿದರೆ ಆ ಬೀಸುವಿಕೆ ಕಾಣುತ್ತದೆ. ಇವು ಕಾಲು ಕೊಯ್ಯುತ್ತವೆ, ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಬೇಕು. ವಯಸ್ಸಾದವರನ್ನು ಪಾಚಿ ಬಂಡೆ ಹತ್ತಿಸಬೇಡಿ, ಮರಳಲ್ಲೇ ಬೇಕಾದಷ್ಟು ಇದೆ.

ಚಿಪ್ಪು ಆಯುವ ಮಕ್ಕಳಿಗೆ ಮೊದಲೇ ಹೇಳಿ: ಪ್ರತಿ ಚಿಪ್ಪನ್ನೂ ಅಂಗೈಯಲ್ಲಿ ಇಟ್ಟು ಐವತ್ತು ಎಣಿಸಬೇಕು. ಮಗಳ ಕೈಯಲ್ಲಿದ್ದ ಶಂಖ ಮೂವತ್ತಕ್ಕೆ ಕಾಲು ಚಾಚಿತು. ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ. ಕಾಪಾಡಿಕೊಳ್ಳಲು ಖಾಲಿ ಶಂಖ ಹುಡುಕಿ ಹೊಗುತ್ತದೆ, ಬೆಳೆದ ಹಾಗೆ ದೊಡ್ಡದಕ್ಕೆ ಮನೆ ಬದಲಿಸುತ್ತದೆ. ಅಂದರೆ ಖಾಲಿ ಶಂಖವೂ ಯಾರಿಗೋ ಬೇಕಾದ ಮನೆ. ನಾವು ಒಂದನ್ನೂ ತರಲಿಲ್ಲ. ಮಗಳು ಅತ್ತಳು, ಆಮೇಲೆ ಚಿತ್ರ ಬರೆದುಕೊಂಡಳು. ಕೋನಿನಂಥ ಶಂಖ ಕಂಡರೆ ಮುಟ್ಟಲೇಬೇಡಿ, ಕೆಲವದರ ಹುಳುವಿಗೆ ವಿಷ ಇದೆ. ದಂಡೆಗೆ ಬಿದ್ದ ಲೋಳೆಮೀನು (ಜೆಲ್ಲಿಫಿಶ್) ಸತ್ತಿದ್ದರೂ ಕುಟುಕುತ್ತದೆ. ತಗುಲಿದರೆ ಉಜ್ಜದೆ ಕಡಲ ನೀರಿನಲ್ಲೇ ತೊಳೆದು ಡಾಕ್ಟರ್ ಹತ್ತಿರ ಹೋಗಿ. ಎತ್ತಿದ ಕಲ್ಲನ್ನು ಮೊದಲಿದ್ದ ಹಾಗೇ ಮಗುಚಿ ಇಡಿ, ಅದರಡಿ ಬದುಕುವವು ಬಿಸಿಲಿಗೆ ಸಾಯುತ್ತವೆ.

ಇಷ್ಟು ನೋಡಿ ಸ್ನಾನ, ತಿಂಡಿ ಮುಗಿಸಿ ಕೇಂದ್ರಕ್ಕೆ ಹೋಗಿ. ಎಲ್ಲವನ್ನೂ ನೋಡುವ ಆಸೆ ಬೇಡ. ಬೆಳಗ್ಗೆ ಕಂಡದ್ದರ ನೆಂಟರನ್ನು ಮಾತ್ರ ಹುಡುಕಿ. ಉಪ್ಪು ನೀರಿನ ಮೀನಿನ ಪ್ರಶ್ನೆಗೆ ಮಗಳಿಗೆ ಉತ್ತರ ಸಿಕ್ಕಿತು. ಅದು ಕಡಲ ನೀರನ್ನೇ ಕುಡಿಯುತ್ತದೆ, ಜಾಸ್ತಿಯಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ನಮ್ಮ ಡ್ಯಾಮಿನ ಮೀನು ನೀರು ಕುಡಿಯುವುದೇ ಕಡಿಮೆ, ಉಪ್ಪನ್ನು ಉಳಿಸಿಕೊಳ್ಳುತ್ತದೆ. ಅದನ್ನು ಕಡಲಿಗೆ ಬಿಟ್ಟರೆ ಬದುಕಲ್ಲ.

ಸಂಜೆ ಸಮಯ ಇದ್ದರೆ ಕಾಳಿ ನದಿ ಕಡಲು ಸೇರುವ ಕಡೆ ಹೋಗಿ. ಅಲ್ಲಿ ಉಪ್ಪು ನೀರಿನ ಕೆಸರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಮೇಲೆ ಎದ್ದು ಉಸಿರಾಡುತ್ತವೆ.

ವಾಪಸು ಬರುವಾಗ ಒಂದು ಬಾಟಲಿ ಕಡಲ ನೀರು ಮಾತ್ರ ತನ್ನಿ. ನಾವು ಅದನ್ನು ಅಗಲ ತಟ್ಟೆಗೆ ತೆಳ್ಳಗೆ ಹೊಯ್ದು, ಧೂಳು ಬೀಳದಂತೆ ತೆಳು ಬಟ್ಟೆ ಕಟ್ಟಿ ಮಾಳಿಗೆ ಮೇಲೆ ಇಟ್ಟೆವು. ನಮ್ಮ ಬಿಸಿಲಿಗೆ ಎಷ್ಟು ಹೊತ್ತು? ನೀರು ಆರಿ ಬಿಳಿ ಪದರ ಉಳಿಯಿತು. ನದಿಗಳು ಕಲ್ಲು, ಮಣ್ಣಿನಿಂದ ಕರಗಿಸಿಕೊಂಡು ಒಯ್ದ ಉಪ್ಪು ಕಡಲಲ್ಲಿ ಉಳಿಯುವುದು ಹೀಗೇ, ನೀರು ಮಾತ್ರ ಮೇಲೆ ಹೋಗುತ್ತದೆ ಅಂತ ಮಗಳಿಗೆ ಹೇಳುತ್ತಿದ್ದೆ. ಅವ್ವ ಬೆರಳಲ್ಲಿ ಆ ಪದರ ಕೆರೆದು ನೋಡಿದಳು. ಕಾಲುವೆ ನೀರು ಜಾಸ್ತಿ ನಿಂತು ನಮ್ಮ ಹೊಲದ ಅರ್ಧ ಎಕರೆ ಸವಳಾಗಿದೆ. "ಬ್ಯಾಸಗ್ಯಾಗ ನಮ್ಮ ಹೊಲದ ಮ್ಯಾಲೆ ಏಳೂದು ಹಿಂಗ ಅಲ್ಲೇನೋ?" ಅಂದಳು.