ಕಾಂಟಾ ಪೇಜು, ಇ-ವೇ ಬಿಲ್ಲು ಮತ್ತು ನಮ್ಮ ಹಳೆ ಬ್ರೌಸರ್

ಕಲಬುರಗಿಯ ಕಪನೂರು ಕಡೆ ಒಂದು ದಾಲ್ ಮಿಲ್ಲಿನಲ್ಲಿ ನನಗೆ ಕಂಪ್ಯೂಟರ್ ಕೆಲಸ. ಬಿಲ್ಲು, ಸ್ಟಾಕು, ಮಾಲು ಸಾಗಿಸೋಕೆ ಸರ್ಕಾರಿ ಸೈಟಿನಲ್ಲಿ ತೆಗೆಯುವ ಇ-ವೇ ಬಿಲ್ಲು ಎಲ್ಲಾ ನನ್ನದೇ. ಪ್ರಿಂಟರ್ ಕೆಟ್ಟರೂ ನಾನೇ, ನೆಟ್ ಹೋದರೂ ನಾನೇ. ವೈರ್ ಇರೋದೆಲ್ಲಾ ನನಗೆ ಬರಬೇಕು ಅಂತ ಸಾಹುಕಾರರ ನಂಬಿಕೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಬ್ರೌಸರಿಗೆ ಹೋಗೋಕೆ ನಮ್ಮ ಆಫೀಸಿಗೆ ಬಹಳ ವರ್ಷ ಆಗಲೇ ಇಲ್ಲ. ಅದಕ್ಕೆ ಕಾರಣ ಗೇಟಿನ ಹತ್ತಿರ ಇರುವ ಕಾಂಟಾ, ಅಂದರೆ ಲಾರಿ ತೂಗುವ ದೊಡ್ಡ ತಕ್ಕಡಿ.

ಲಾರಿ ಕಾಂಟಾ ಮೇಲೆ ನಿಂತರೆ ತೂಕ ಒಂದು ಸಣ್ಣ ಡಬ್ಬಿಯಲ್ಲಿ ಕೆಂಪು ಅಂಕಿಯಾಗಿ ಕಾಣುತ್ತದೆ. ಆ ಡಬ್ಬಿಯಿಂದ ಕೇಬಲ್ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ, ಅಂದರೆ ಹಿಂದಿರುವ ಹಳೆ ಕಾಲದ ತೂತಿಗೆ, ಬರುತ್ತದೆ. ತೂಕ ಸೀದಾ ನಮ್ಮ ಸ್ಟಾಕ್ ಪೇಜಿನ ಖಾನೆಗೆ ಬಂದು ಕೂರಬೇಕು, ಯಾರೂ ಕೈಯಿಂದ ಟೈಪ್ ಮಾಡಬಾರದು. ತೂಕದಲ್ಲಿ ಜಗಳ ಬರಬಾರದಲ್ವಾ. ಆದರೆ ಬ್ರೌಸರ್ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಮುಟ್ಟೋದಿಲ್ಲ. ಯಾವ ವೆಬ್‌ಸೈಟ್ ಬೇಕಾದರೂ ನಮ್ಮ ಯಂತ್ರದೊಳಗೆ ಕೈ ಹಾಕುವ ಹಾಗಿದ್ದರೆ ಕಥೆ ಮುಗಿದ ಹಾಗೇ. ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಆಕ್ಟಿವ್‌ಎಕ್ಸ್ ಅಂತ ಒಂದು ದಾರಿ ಇತ್ತು. ಪೇಜಿನ ಜೊತೆ ಒಂದು ಸಣ್ಣ ಪ್ರೋಗ್ರಾಂ ಇಳಿದು, ಯಂತ್ರದ ಮೇಲೆ ಪೂರ್ತಿ ಹಕ್ಕಿನಿಂದ ಕೆಲಸ ಮಾಡುತ್ತಿತ್ತು. ನಮಗೆ ಪೇಜು ಬರೆದುಕೊಟ್ಟವರು ಅದನ್ನೇ ಹಿಡಿದಿದ್ದರು. ಅದೇ ಪೇಜನ್ನು ಕ್ರೋಮ್‌ನಲ್ಲಿ ತೆರೆದರೆ ಎಲ್ಲಾ ಚೆನ್ನಾಗಿ ಕಾಣುತ್ತದೆ, ತೂಕದ ಖಾನೆ ಮಾತ್ರ ಖಾಲಿ.

ಬದಲಾಯಿಸೋಣ ಅಂದಾಗಲೆಲ್ಲಾ ಸಾಹುಕಾರರು ಹೇಳುತ್ತಿದ್ದುದು ಒಂದೇ: "ಛಂದ ನಡದದಲ್ಲೋ ತಮ್ಮಾ, ಯಾಕ ಕೈ ಹಾಕ್ತಿ?" ಅವರ ಮಾತಲ್ಲೂ ಅರ್ಥ ಇತ್ತು. ಜನವರಿಯ ತೊಗರಿ ಸುಗ್ಗಿಯಲ್ಲಿ ಕಾಂಟಾ ಒಂದು ತಾಸು ನಿಂತರೂ ಲಾರಿಗಳ ಸಾಲು ರೋಡಿಗೆ ಬರುತ್ತದೆ.

ಆದರೆ ಹೊರಗಿನ ಲೋಕ ನಮಗಾಗಿ ಕಾಯಲಿಲ್ಲ. ವ್ಯಾಟ್ ಕಾಲದಲ್ಲಿ ಮಾಲು ಸಾಗಿಸೋಕೆ ಇ-ಸುಗಮ್ ಇತ್ತು, ಹೇಗೋ ಸಾಗುತ್ತಿತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, 2018ರ ಏಪ್ರಿಲ್‌ನಿಂದ ಇ-ವೇ ಬಿಲ್ಲು. 50,000 ರೂಪಾಯಿ ದಾಟಿದ, ತೆರಿಗೆ ಬೀಳುವ ಮಾಲಿಗೆ ಅದು ಬೇಕೇ ಬೇಕು. ಒಂದು ಲಾರಿ ಪ್ಯಾಕೆಟ್ ಬೇಳೆ ಅಂದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಬಿಲ್ಲು ಬರದಿದ್ದರೆ ಲಾರಿ ಗೇಟು ದಾಟೋ ಹಾಗಿಲ್ಲ. ಇತ್ತ ಒಳಗೆ ಕಾಂಟಾ ಪೇಜು ಹಳೆ ಬ್ರೌಸರ್ ಬೇಡುತ್ತದೆ, ಅತ್ತ ಹೊರಗಿನ ಸೈಟುಗಳು ಹೊಸದು ಬೇಡುತ್ತವೆ. ಯಂತ್ರ ಮಾತ್ರ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿತ್ತು.

ನಾನು ಮೊದಲು ಮಾಡಿದ್ದು ಇಷ್ಟೇ. ಒಂದು ನೋಟ್‌ಬುಕ್ ಹಿಡಿದು ಪ್ರತಿಯೊಬ್ಬರ ಪಕ್ಕ ಕೂತೆ. ಯಾವ ಸೈಟ್ ತೆರೀತೀರಿ, ಯಾವ ಕೆಲಸಕ್ಕೆ, ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಂಡೆ. ಮುನೀಮರು ಬ್ಯಾಂಕು, ಜಿಎಸ್‌ಟಿ, ಮಂಡಿ ರೇಟು ಎಲ್ಲವನ್ನೂ ನೀಲಿ 'ಇ' ಗುರುತಿನಲ್ಲೇ ತೆರೆಯುತ್ತಿದ್ದರು. ಯಾಕೆ ಅಂದರೆ ರೂಢಿ, ಅಷ್ಟೇ. ಪಟ್ಟಿ ಮುಗಿದಾಗ ನಿಜವಾಗಿ ಹಳೆ ಬ್ರೌಸರ್ ಬೇಕಾಗಿದ್ದು ಒಂದೇ ಒಂದು ಪೇಜಿಗೆ. ಇಡೀ ಆಫೀಸು ಸಿಕ್ಕಿಹಾಕಿಕೊಂಡಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಸಿಕ್ಕಿಕೊಂಡಿದ್ದು ಕಾಂಟಾ ಪೇಜು ಮಾತ್ರ. ಅದನ್ನು ಬೇರೆ ಮಾಡಿದರೆ ಮಿಕ್ಕವರೆಲ್ಲಾ ಆವತ್ತೇ ಬಿಡುಗಡೆ.

ಪಟ್ಟಿಯಲ್ಲಿ ಕೆಲವು ದೂರಿಗೆ ಬ್ರೌಸರ್ ಕಾರಣವೇ ಅಲ್ಲ. ಗೋದಾಮಿನ ಕಂಪ್ಯೂಟರಿನಲ್ಲಿ ಬೆಳಗ್ಗೆ ಯಾವ ಸೈಟೂ ತೆರೆಯುವುದಿಲ್ಲ, ಎಲ್ಲದಕ್ಕೂ ಕೆಂಪು ಎಚ್ಚರಿಕೆ. ಕೆಳಗೆ ಮೂಲೆಯಲ್ಲಿ ನೋಡಿದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ, ರಾತ್ರಿ ಕರೆಂಟ್ ಹೋದಾಗ ಗಡಿಯಾರವೂ ಹೋಗುತ್ತದೆ. ಸೈಟು ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಶುರುವಾಗುವ ತಾರೀಖು ಒಂದು, ಮುಗಿಯುವ ತಾರೀಖು ಒಂದು ಇರುತ್ತದೆ. ಯಂತ್ರದ ತಾರೀಖು ಅದರಾಚೆ ಇದ್ದರೆ ಬ್ರೌಸರ್ ಒಪ್ಪೋದಿಲ್ಲ. ಬ್ಯಾಟರಿ ಹಾಕಿ ತಾರೀಖು ಸರಿ ಮಾಡಿದೆ, ಮುಗೀತು. ಹಳೆ ಯಂತ್ರ ಇರುವವರು ಬ್ರೌಸರ್ ಬೈಯುವ ಮೊದಲು ಆ ಮೂಲೆ ನೋಡಿ.

ಹೊಸ ಯಂತ್ರ ಬರುವ ತನಕ ಬೇರೆಯವರಿಗೆ ಫೈರ್‌ಫಾಕ್ಸ್ 115ರ ಇಎಸ್‌ಆರ್ (ಬಹಳ ದಿನ ಅಪ್‌ಡೇಟ್ ಸಿಗುವ ಆವೃತ್ತಿ) ಹಾಕಿಕೊಟ್ಟೆ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತಿತು. ಫೈರ್‌ಫಾಕ್ಸ್‌ನ ಈ ಆವೃತ್ತಿಗೆ ಮಾತ್ರ ಸೆಕ್ಯುರಿಟಿ ಅಪ್‌ಡೇಟ್ ಆಮೇಲೂ ಬರುತ್ತಿತ್ತು. ಇನ್ನೊಂದು ಲಾಭ ಅಂದರೆ ನಂಬಬಹುದಾದ ಸರ್ಟಿಫಿಕೇಟುಗಳ ಪಟ್ಟಿಯನ್ನು ಫೈರ್‌ಫಾಕ್ಸ್ ತಾನೇ ಇಟ್ಟುಕೊಳ್ಳುತ್ತದೆ, ವಿಂಡೋಸನ್ನು ಕೇಳೋದಿಲ್ಲ. 2021ರ ಸೆಪ್ಟೆಂಬರ್ 30ಕ್ಕೆ, ಸೈಟುಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಒಂದು ಹಳೆ ರೂಟ್, ಅಂದರೆ ಬುಡದ, ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಅಪ್‌ಡೇಟ್ ನಿಲ್ಲಿಸಿದ್ದ ಎಷ್ಟೋ ಹಳೆ ಯಂತ್ರಗಳಲ್ಲಿ ಆವತ್ತು ಸೈಟುಗಳು ಸುಮ್ನೆ ಮುಚ್ಚಿಕೊಂಡವು. ಅಂಥ ಕಡೆ ಫೈರ್‌ಫಾಕ್ಸ್ ಕೈ ಹಿಡಿಯುತ್ತದೆ.

ಹೊಸ ಯಂತ್ರಕ್ಕೆ ದುಡ್ಡು ಕೇಳುವಾಗ ವೈರಸ್ ಕಥೆ ಹೇಳಲಿಲ್ಲ. ಅದು ಯಾರ ಕಿವಿಗೂ ಬೀಳೋದಿಲ್ಲ. ಲೋಡ್ ಆದ ಲಾರಿ, ಬಿಲ್ಲಿಗಾಗಿ ಕಾಯುತ್ತಾ ನೆರಳಲ್ಲಿ ಕೂತ ಡ್ರೈವರ್, ಇವಿಷ್ಟನ್ನು ಕಿಟಕಿಯಿಂದ ಸಾಹುಕಾರರಿಗೆ ತೋರಿಸಿದೆ. "ಮಳೆಗಾಲದಾಗ ಮಾಡು, ಸುಗ್ಗ್ಯಾಗ ಬ್ಯಾಡ" ಅಂದರು. ಆಯ್ತು ಅಂದೆ.

ವಿಂಡೋಸ್ 10 ಇರುವ ಯಂತ್ರ ಬಂತು, ಅದಕ್ಕೆ ಸೀರಿಯಲ್ ಪೋರ್ಟೇ ಇಲ್ಲ. ಸೂಪರ್ ಮಾರ್ಕೆಟ್ ಕಡೆಯಿಂದ ಯುಎಸ್‌ಬಿ ಕನ್ವರ್ಟರ್ ತಂದೆ. ನಮ್ಮ ಪೇಜಿನೊಳಗೆ ಪೋರ್ಟಿನ ಹೆಸರು ಕಾಮ್1 ಅಂತ ಗಟ್ಟಿಯಾಗಿ ಬರೆದುಬಿಟ್ಟಿದ್ದಾರೆ, ಕನ್ವರ್ಟರ್ ನೋಡಿದರೆ ಬೇರೆ ನಂಬರ್ ತಗೊಂಡಿದೆ. ಡಿವೈಸ್ ಮ್ಯಾನೇಜರಿಗೆ ಹೋಗಿ, ಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಒತ್ತಿ, ನಂಬರ್ 1 ಮಾಡಿದೆ. ಕನ್ವರ್ಟರನ್ನು ಬೇರೆ ತೂತಿಗೆ ಚುಚ್ಚಿದರೆ ನಂಬರ್ ಮತ್ತೆ ಬದಲಾಗಬಹುದು. ಅದಕ್ಕೇ ಅಲ್ಲಿ ಟೇಪ್ ಹಚ್ಚಿ 'ಕೀಳಬ್ಯಾಡ್ರಿ' ಅಂತ ಬರೆದೆ.

ಎಕ್ಸ್‌ಪ್ಲೋರರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು. ಆದರೆ ಅವರದೇ ಎಡ್ಜ್ ಬ್ರೌಸರಿನೊಳಗೆ ಐಇ ಮೋಡ್ ಇದೆ, ಅಂದರೆ ಹಳೆ ಎಕ್ಸ್‌ಪ್ಲೋರರಿನ ಹಾಗೆ ಪೇಜು ತೆರೆಯುವ ದಾರಿ. ಆಕ್ಟಿವ್‌ಎಕ್ಸ್ ಅದರಲ್ಲಿ ನಡೆಯುತ್ತದೆ. ಕನಿಷ್ಠ 2029ರವರೆಗೆ ಇಡುತ್ತೇವೆ ಅಂತ ಕಂಪನಿ ಹೇಳಿದೆ, ವಿಂಡೋಸ್ 11ರಲ್ಲೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಬ್ರೌಸರ್ ಭಾಗಕ್ಕೆ ಹೋಗಿ, ಐಇ ಮೋಡಿಗೆ ಅನುಮತಿ ಕೊಟ್ಟು, ಕಾಂಟಾ ಪೇಜಿನ ವಿಳಾಸ ಸೇರಿಸಿದೆ. ಇಂಟರ್ನೆಟ್ ಆಪ್ಷನ್ಸ್‌ನ ಟ್ರಸ್ಟೆಡ್ ಸೈಟ್ಸ್‌ನಲ್ಲೂ ಅದೊಂದನ್ನೇ ಹಾಕಿದೆ. ಒಂದು ಕಿರಿಕಿರಿ ಇದೆ: ಹೀಗೆ ಕೈಯಿಂದ ಸೇರಿಸಿದ ವಿಳಾಸಕ್ಕೆ 30 ದಿನ ಮಾತ್ರ ಆಯುಷ್ಯ. ಆಮೇಲೆ ಎಡ್ಜ್ ಅದನ್ನು ಮಾಮೂಲಿ ಪೇಜಿನಂತೆ ತೆರೆಯುತ್ತದೆ, ತೂಕ ಬರೋದಿಲ್ಲ. ದೊಡ್ಡ ಕಂಪನಿಗಳು ಪಾಲಿಸಿ ಮೂಲಕ ಸೈಟ್ ಲಿಸ್ಟ್ ಕೊಟ್ಟು ಇದರಿಂದ ತಪ್ಪಿಸಿಕೊಳ್ಳುತ್ತವೆ. ನಾನು ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡಿದ್ದೇನೆ, ಸಂಬಳದ ದಿನ ಸಂಬಳದ ಜೊತೆ ಇದೂ ನೆನಪಾಗುತ್ತದೆ.

ಕಾಂಟಾ ಹುಡುಗ ಬಂದು ನೋಡಿದವನೇ "ಆ ನೀಲಿ ಇ ಎಲ್ಲಿ ಹೋತ್ರಿ ಅಣ್ಣಾ?" ಅಂದ. ಡೆಸ್ಕ್‌ಟಾಪ್ ಮೇಲೆ ಪೇಜಿನ ಶಾರ್ಟ್‌ಕಟ್ ಇಟ್ಟು 'ಕಾಂಟಾ' ಅಂತ ಹೆಸರು ಕೊಟ್ಟೆ. ಮತ್ತೆ ಅವನು ಆ ಪ್ರಶ್ನೆ ಕೇಳಲಿಲ್ಲ.

ಹಳೆ ಯಂತ್ರವನ್ನು ಎಸೆಯಲಿಲ್ಲ, ಸ್ಪೇರ್ ಆಗಿ ಇಟ್ಟಿದ್ದೇವೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ಕೊಟ್ಟು, ಹೊರಗಿನ ನೆಟ್ಟಿಗೆ ದಾರಿ ತೋರಿಸುವ ಗೇಟ್‌ವೇ ಖಾನೆ ಖಾಲಿ ಬಿಟ್ಟೆ. ಆಫೀಸಿನೊಳಗಿನ ಸರ್ವರ್ ಸಿಗುತ್ತದೆ, ಇಂಟರ್ನೆಟ್ ಸಿಗೋದಿಲ್ಲ. ಹಳೆ ಬ್ರೌಸರ್ ಅಪಾಯ ಅನ್ನೋದು ಹೊರಗಿನ ಸೈಟ್ ತೆರೆದಾಗ ತಾನೇ.

ಕ್ರೋಮ್‌ನಲ್ಲಿ 2021ರಿಂದ, 89ನೇ ಆವೃತ್ತಿಯಲ್ಲಿ, ವೆಬ್ ಸೀರಿಯಲ್ ಅಂತ ಬಂದಿದೆ. ನಮ್ಮ ಒಪ್ಪಿಗೆ ಕೇಳಿ, ನಾವು ತೋರಿಸಿದ ಪೋರ್ಟನ್ನು ಮಾತ್ರ ಪೇಜಿಗೆ ಕೊಡುತ್ತದೆ. ಇಂಜಿನಿಯರಿಂಗ್ ಓದುವ ನಮ್ಮ ಅಕ್ಕನ ಮಗ ಅದನ್ನು ಹಿಡಿದು ಸಣ್ಣ ಪೇಜು ಬರೆದುಕೊಟ್ಟ. ತೂಕ ಸರಿಯಾಗಿ ಬಂತು. ತೊಡಕಾಗಿದ್ದು ತೂಕದ ಚೀಟಿಯ ಪ್ರಿಂಟು. ನಮ್ಮದು ಮೂರು ಪ್ರತಿ ಬೀಳುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಹಳೆ ಪೇಜು ಬರೀ ಅಕ್ಷರ ಕಳಿಸುತ್ತಿತ್ತು, ಪ್ರಿಂಟರ್ ಟರ್ ಅಂತ ಹೊಡೆದು ಮುಗಿಸುತ್ತಿತ್ತು. ಕ್ರೋಮ್ ಚೀಟಿಯನ್ನು ಚಿತ್ರದ ಹಾಗೆ ಕಳಿಸುತ್ತದೆ. ಪ್ರಿಂಟರ್ ಒಂದೊಂದೇ ಗೆರೆ ಎಳೆಯುತ್ತಾ ಕೂರುತ್ತದೆ, ಮೂರನೇ ಪ್ರತಿ ಓದೋಕೂ ಆಗೋದಿಲ್ಲ. ಅಕ್ಷರವನ್ನೇ ನೇರ ಪ್ರಿಂಟರಿಗೆ ಕಳಿಸುವ ಒಂದು ಸಣ್ಣ ಪ್ರೋಗ್ರಾಂ ಯಂತ್ರದಲ್ಲಿ ಕೂರಿಸಬೇಕು. ಅದು ಆಗುವವರೆಗೆ ಕಾಂಟಾ ಐಇ ಮೋಡಿನಲ್ಲೇ ಇರುತ್ತದೆ. ಸುಗ್ಗಿ ಮುಗಿಯಲಿ, ಆಮೇಲೆ ಕೈ ಹಾಕುತ್ತೇನೆ.